ಖಡ್ಗ ಎಸೆದ ನಾಯಕ, ಮುನಿದ ಅಭಿಮಾನಿ

ಕಡಲ ನಡುವೆ ಕಡಿದಾದ ಒಂದು ಬಂಡೆಗುಡ್ಡ. ಅದರ ನೂರಾರು ಕಲ್ಲುಮೆಟ್ಟಿಲುಗಳನ್ನು ಹತ್ತಿ ಬಂದ ಯುವತಿಯೊಬ್ಬಳು ತುದಿಯಲ್ಲಿ ನಿಂತ ನರೆಗಡ್ಡದ ಮುದುಕನ ಎದುರು ಕೈಚಾಚಿದ್ದಾಳೆ. ಅವಳ ಕೈಯಲ್ಲಿರುವುದು ಒಂದು ಕಾಲಕ್ಕೆ ಅವನ ತಂದೆಯದಾಗಿದ್ದು, ಆಮೇಲೆ ಅವನದಾಗಿ, ಕೊನೆಗೆ ಕಳೆದೇ ಹೋಗಿದ್ದ ಬೆಳಕಿನ ಖಡ್ಗ. 2015ರ ಡಿಸೆಂಬರ್‌ನಲ್ಲಿ ಸಿನಿಮಾ ಮುಗಿದದ್ದು ಈ ನೋಟದಲ್ಲಿ. ಮುದುಕ ಏನು ಮಾಡುತ್ತಾನೆ? ಪ್ರೇಕ್ಷಕರು ಎರಡು ವರ್ಷ ಕಾದರು. 2017ರ ಡಿಸೆಂಬರ್‌ನಲ್ಲಿ ಮುಂದಿನ ಭಾಗ ತೆರೆಗೆ ಬಂದಾಗ ಉತ್ತರ ಸಿಕ್ಕಿತು. ಮುದುಕ ಖಡ್ಗವನ್ನು ಕೈಗೆ ತೆಗೆದುಕೊಂಡ, ಒಮ್ಮೆ ನೋಡಿದ, ಚೀಪಿದ ಮಾವಿನ ಓಟೆಯನ್ನು ಎಸೆದಷ್ಟು ಸಲೀಸಾಗಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದು ನಡೆದುಬಿಟ್ಟ.

ಆ ಮುದುಕನ ಹೆಸರು ಲ್ಯೂಕ್ ಸ್ಕೈವಾಕರ್. ಸಿನಿಮಾದ ಹೆಸರು 'ದಿ ಲಾಸ್ಟ್ ಜೆಡೈ'. ಖಡ್ಗ ಬಿದ್ದ ಆ ಕ್ಷಣದಲ್ಲಿ ಕೆಲವರು ನಕ್ಕರು, ಕೆಲವರ ಎದೆ ಧಸಕ್ಕೆಂದಿತು. 'ಸ್ಟಾರ್ ವಾರ್ಸ್' ಸರಣಿಯ ಅಭಿಮಾನಿಗಳು ಅಂದು ಎರಡು ಪಂಗಡವಾದವರು ಇಂದಿಗೂ ಒಂದಾಗಿಲ್ಲ. ತಾವು ಕಂಡು ಬೆಳೆದ ಧೀರನನ್ನು ಹಾಳುಗೆಡವಿದರು ಎಂದು ಒಬ್ಬರು. ಅವನನ್ನು ಮೊದಲ ಬಾರಿಗೆ ನಿಜವಾದ ಮನುಷ್ಯನನ್ನಾಗಿ ತೋರಿಸಿದರು ಎಂದು ಇನ್ನೊಬ್ಬರು. ಒಂದು ಕಾಲ್ಪನಿಕ ಪಾತ್ರಕ್ಕಾಗಿ ಇಷ್ಟು ಜಗಳವೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಜಗಳದ ಒಳಗೆ ಹೊಕ್ಕು ನೋಡಿದರೆ ಅಲ್ಲಿರುವ ಪ್ರಶ್ನೆಗಳು ಹಗುರವಾದವಲ್ಲ.

ಹೊಲದ ಹುಡುಗ

ಜಾರ್ಜ್ ಲೂಕಾಸ್ ನಿರ್ದೇಶನದ ಮೊದಲ 'ಸ್ಟಾರ್ ವಾರ್ಸ್' ತೆರೆಕಂಡದ್ದು 1977ರ ಮೇ 25ರಂದು, ಅಮೆರಿಕದ ಬರೀ ಮೂವತ್ತು ಚಿಲ್ಲರೆ ಚಿತ್ರಮಂದಿರಗಳಲ್ಲಿ. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣಗಳಿಂದ ಆ ದೇಶ ಬೇಸತ್ತಿದ್ದ ಕಾಲ ಅದು. ಯಾರನ್ನೂ ನಂಬಲಾಗದ ಹೊತ್ತಿನಲ್ಲಿ ಲೂಕಾಸ್ ಒಬ್ಬ ನಂಬಬಲ್ಲ ಹುಡುಗನನ್ನು ಮುಂದಿಟ್ಟರು. ಮರಳುಗಾಡಿನ ಗ್ರಹವೊಂದರಲ್ಲಿ ಚಿಕ್ಕಪ್ಪ-ಚಿಕ್ಕಮ್ಮನ ಆಶ್ರಯದಲ್ಲಿ ಬೆಳೆದ ಲ್ಯೂಕ್, ಸಂಜೆ ಎರಡು ಸೂರ್ಯರು ಮುಳುಗುವುದನ್ನು ನೋಡುತ್ತ ನಿಲ್ಲುತ್ತಾನೆ. ಇಲ್ಲಿಂದ ಆಚೆ ಏನೋ ಇದೆ, ತಾನು ಅಲ್ಲಿಗೆ ಹೋಗಬೇಕು ಎಂಬ ಹಂಬಲ ಅವನ ಮುಖದಲ್ಲಿ. ಮಾತಿಲ್ಲದ ಆ ದೃಶ್ಯದಲ್ಲಿ ತಮ್ಮನ್ನೇ ಕಂಡುಕೊಂಡ ಹುಡುಗರು ಎಷ್ಟೋ.

ಲೂಕಾಸ್ ಈ ಕಥೆಯನ್ನು ಹೊಸೆದದ್ದು ಪುರಾಣಗಳ ನೂಲಿನಿಂದ. ಲೋಕದ ವೀರಗಾಥೆಗಳಲ್ಲೆಲ್ಲ ಒಂದೇ ಜಾಡು ಇದೆ ಎಂದು 1949ರಲ್ಲಿ ಬರೆದ ಜೋಸೆಫ್ ಕ್ಯಾಂಬೆಲ್ ಅವರ ಪುಸ್ತಕದ ಋಣವನ್ನು ಅವರು ಒಪ್ಪಿಕೊಂಡಿದ್ದರು. ಕ್ಯಾಂಬೆಲ್ ಭಾರತದ ಪುರಾಣಗಳನ್ನೂ ಆಳವಾಗಿ ಓದಿಕೊಂಡಿದ್ದವರು. ಮನೆ ಬಿಡುವುದು, ಗುರು ಸಿಗುವುದು, ಅಗ್ನಿಪರೀಕ್ಷೆ, ಗೆದ್ದು ಮರಳುವುದು. ಈ ಜಾಡು ನಮಗೆ ಹೊಸದೇನಲ್ಲ.

ಎರಡನೆಯ ಚಿತ್ರದಲ್ಲಿ (1980) ಲ್ಯೂಕ್ ಗುರುವಿನ ಮಾತು ಮೀರಿ ಗೆಳೆಯರನ್ನು ಉಳಿಸಲು ಓಡುತ್ತಾನೆ. ಅಲ್ಲಿ ಒಂದು ಕೈ ಕಳೆದುಕೊಳ್ಳುತ್ತಾನೆ. ತನ್ನ ಶತ್ರು ಡಾರ್ತ್ ವೇಡರ್ ಸ್ವತಃ ತನ್ನ ತಂದೆ ಎಂದು ತಿಳಿಯುತ್ತದೆ. ಮೂರನೆಯದರಲ್ಲಿ (1983) ತಂದೆಯನ್ನು ಕೊಲ್ಲಲೇಬೇಕೆಂದು ಎಲ್ಲರೂ ಹೇಳಿದರೂ, ಅವನಲ್ಲಿ ಇನ್ನೂ ಒಳ್ಳೆಯತನ ಉಳಿದಿದೆ ಎಂದು ನಂಬುವವನು ಲ್ಯೂಕ್ ಒಬ್ಬನೇ. ತಂದೆ ಸೋತು ಬಿದ್ದಾಗ, ಅವನನ್ನು ಮುಗಿಸು ಎಂದು ಚಕ್ರವರ್ತಿ ಪ್ರಚೋದಿಸುತ್ತಿರುವಾಗ, ಲ್ಯೂಕ್ ಖಡ್ಗವನ್ನು ಎಸೆದುಬಿಡುತ್ತಾನೆ. ಆ ನಂಬಿಕೆಯೇ ತಂದೆಯನ್ನು ತಿರುಗಿಸುತ್ತದೆ. ಹೊಡೆಯದೆ ಗೆದ್ದವನು ಎಂಬುದು ಅವನ ದೊಡ್ಡಸ್ತಿಕೆ. ಅಭಿಮಾನಿಗಳ ಮನಸ್ಸಿನಲ್ಲಿ ಲ್ಯೂಕ್ ನಿಂತದ್ದು ಅಲ್ಲಿಗೆ.

ಮೂವತ್ತೆರಡು ವರ್ಷದ ಖಾಲಿ ಜಾಗ

1983ರಿಂದ 2015ರವರೆಗೆ, ಅಂದರೆ 32 ವರ್ಷ, ಲ್ಯೂಕನ ಮುಂದಿನ ಬದುಕು ತೆರೆಯ ಮೇಲೆ ಬರಲಿಲ್ಲ. ಆದರೆ ಜಾಗ ಖಾಲಿ ಇದ್ದರೆ ಯಾರಾದರೂ ಬಂದು ಕೂರುತ್ತಾರೆ. 1991ರಲ್ಲಿ ಟಿಮೊಥಿ ಝಾನ್ ಬರೆದ 'ಏರ್ ಟು ದಿ ಎಂಪೈರ್' ಕಾದಂಬರಿ ಬಿಸಿ ದೋಸೆಯಂತೆ ಖರ್ಚಾಯಿತು. ಅದರ ಬೆನ್ನಿಗೆ ಬೇರೆ ಬೇರೆ ಲೇಖಕರಿಂದ ನೂರಕ್ಕೂ ಹೆಚ್ಚು ಕಾದಂಬರಿಗಳು, ಚಿತ್ರಕಥೆಯ ಪುಸ್ತಕಗಳು, ಕಂಪ್ಯೂಟರ್ ಆಟಗಳು ಬಂದವು. ಅವುಗಳಲ್ಲಿ ಲ್ಯೂಕ್ ಮಹಾಗುರುವಾದ, ಶಿಷ್ಯರನ್ನು ಬೆಳೆಸಿದ, ಮದುವೆಯಾದ, ಮಗನನ್ನು ಪಡೆದ. ಇವನ್ನು ಓದದವರು ಕೂಡ ತಮ್ಮ ತಮ್ಮ ತಲೆಯಲ್ಲಿ ಒಬ್ಬ ಲ್ಯೂಕನನ್ನು ಸಾಕಿಕೊಂಡಿದ್ದರು.

2012ರ ಅಕ್ಟೋಬರ್‌ನಲ್ಲಿ ಲೂಕಾಸ್ ತಮ್ಮ ಸಂಸ್ಥೆಯನ್ನು ಡಿಸ್ನಿ ಕಂಪನಿಗೆ ಮಾರಲು ಒಪ್ಪಿದರು. ಬೆಲೆ ಸುಮಾರು 400 ಕೋಟಿ ಡಾಲರ್. ಹೊಸ ಚಿತ್ರಗಳ ಘೋಷಣೆಯೂ ಜೊತೆಗೇ ಆಯಿತು. 2014ರ ಏಪ್ರಿಲ್‌ನಲ್ಲಿ ಸಂಸ್ಥೆ ಇನ್ನೊಂದು ಪ್ರಕಟಣೆ ಹೊರಡಿಸಿತು: ಇದುವರೆಗಿನ ಕಾದಂಬರಿಗಳು ಇನ್ನು ಮುಂದೆ 'ಲೆಜೆಂಡ್ಸ್', ಅಂದರೆ ದಂತಕಥೆಗಳು, ಅಧಿಕೃತ ಕಥೆಗೆ ಅವು ಸೇರುವುದಿಲ್ಲ. ಹೊಸ ನಿರ್ದೇಶಕರ ಕೈ ಕಟ್ಟಿಹಾಕಬಾರದೆಂಬ ವ್ಯವಹಾರದ ಲೆಕ್ಕ ಇದು. ಆದರೆ ಇಪ್ಪತ್ತಮೂರು ವರ್ಷ ಓದಿಕೊಂಡು ಬಂದವನಿಗೆ ಅದು ತನ್ನ ಹೊಲವನ್ನು ಪಹಣಿಯಿಂದ ತೆಗೆದುಹಾಕಿದಂತೆ. ಜಗಳದ ಬೀಜ ಬಿದ್ದದ್ದು ಇಲ್ಲೇ ಎನ್ನಬಹುದು.

ಜೆ. ಜೆ. ಅಬ್ರಾಮ್ಸ್ ನಿರ್ದೇಶನದ 'ದಿ ಫೋರ್ಸ್ ಅವೇಕನ್ಸ್' 2015ರಲ್ಲಿ ಬಂತು. ಅದರಲ್ಲಿ ಲ್ಯೂಕ್ ಕಾಣುವುದು ಕೊನೆಯ ನಿಮಿಷದಲ್ಲಿ ಮಾತ್ರ. ಒಂದು ಮಾತೂ ಆಡುವುದಿಲ್ಲ. ಲ್ಯೂಕ್ ಬಂದ ಕೂಡಲೇ ಕಥೆಯೆಲ್ಲ ಅವನ ಕಡೆಗೇ ವಾಲುತ್ತಿತ್ತು, ಹೊಸ ಪಾತ್ರಗಳಿಗೆ ಜಾಗವೇ ಉಳಿಯುತ್ತಿರಲಿಲ್ಲ ಎಂದು ಮೊದಲ ಕರಡು ಬರೆದ ಮೈಕೆಲ್ ಆರ್ನ್ಟ್ ಹೇಳಿಕೊಂಡಿದ್ದರು. ಹೀಗಾಗಿ ಅವನನ್ನು ಕೊನೆಗೆ ತಳ್ಳಲಾಯಿತು. ತಳ್ಳುವುದಕ್ಕೊಂದು ಕಾರಣ ಬೇಕಲ್ಲ? ಅವನ ಶಿಷ್ಯನೂ ಸೋದರಳಿಯನೂ ಆದ ಬೆನ್ ಸೋಲೋ ಕೆಟ್ಟದಾರಿ ಹಿಡಿದು 'ಕೈಲೋ ರೆನ್' ಆದ; ಅದರ ಹೊಣೆ ತನ್ನದೆಂದು ಲ್ಯೂಕ್ ಎಲ್ಲವನ್ನೂ ತೊರೆದು ಹೋದ ಎಂದಾಯಿತು. ಶೂಟಿಂಗಿಗೆ ಆರಿಸಿದ ಜಾಗವೂ ಅಂಥದ್ದೇ: ಐರ್ಲೆಂಡಿನ ಕಡಲಾಚೆಯ ಸ್ಕೆಲಿಗ್ ಮೈಕೆಲ್ ದ್ವೀಪ, ಶತಮಾನಗಳ ಹಿಂದೆ ಕ್ರೈಸ್ತ ಸನ್ಯಾಸಿಗಳು ಕಲ್ಲಿನ ಗೂಡು ಕಟ್ಟಿಕೊಂಡು ತಪಸ್ಸು ಮಾಡಿದ ಸ್ಥಳ.

ಆ ಒಂದು ರಾತ್ರಿ

'ದಿ ಲಾಸ್ಟ್ ಜೆಡೈ' ಬರೆದು ನಿರ್ದೇಶಿಸಿದವರು ರಯಾನ್ ಜಾನ್ಸನ್. ಅವರ ಮುಂದಿದ್ದ ಗಂಟು ಇದು: ಗೆಳೆಯರು ಸಾಯುತ್ತಿದ್ದರೂ ಒಬ್ಬ ವೀರ ದ್ವೀಪವೊಂದರಲ್ಲಿ ಏಕೆ ಕುಳಿತಿರುತ್ತಾನೆ? ಅವನು ಹೇಡಿಯಲ್ಲವಾದರೆ, ತಾನು ಬರದಿರುವುದೇ ಲೋಕಕ್ಕೆ ಒಳ್ಳೆಯದು ಎಂದು ಅವನು ನಂಬಿರಬೇಕು. ಹಾಗೆ ನಂಬಲು ಬಲವಾದ ತಪ್ಪೊಂದು ನಡೆದಿರಬೇಕು.

ಆ ತಪ್ಪನ್ನು ಚಿತ್ರ ಮೂರು ಬಾರಿ, ಮೂರು ಬಗೆಯಲ್ಲಿ ಹೇಳುತ್ತದೆ. ಲ್ಯೂಕ್ ಮೊದಲು ಹೇಳುವಾಗ ಅರ್ಧವನ್ನು ಮುಚ್ಚಿಡುತ್ತಾನೆ. ಕೈಲೋ ರೆನ್ ಹೇಳುವಾಗ ಸೋದರಮಾವ ರಾಕ್ಷಸನಂತೆ ಖಡ್ಗ ಬೀಸಲು ಬಂದಿದ್ದ. ಕೊನೆಗೆ ಲ್ಯೂಕ್ ಒಪ್ಪಿಕೊಳ್ಳುವ ಸತ್ಯ: ಮಲಗಿದ್ದ ಹುಡುಗನ ಮನಸ್ಸಿನೊಳಗೆ ಇಣುಕಿದಾಗ ಮುಂದಿನ ವಿನಾಶವೆಲ್ಲ ಕಂಡಿತು, ಒಂದೇ ಕ್ಷಣ, ಇವನನ್ನು ಈಗಲೇ ಮುಗಿಸಿಬಿಡಬಹುದಲ್ಲ ಎಂಬ ಯೋಚನೆ ಬಂದು ಖಡ್ಗ ಉರಿಯಿತು. ಆ ಯೋಚನೆ ಬಂದಷ್ಟೇ ಬೇಗ ಹೋಯಿತು. ಆದರೆ ಹುಡುಗ ಅಷ್ಟರಲ್ಲಿ ಕಣ್ಣು ಬಿಟ್ಟಿದ್ದ.

ಅಳಿಯನಿಗೆ ಸೋದರಮಾವ ಎಂದರೆ ಏನೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ತೊಟ್ಟಿಲಿಗೆ ಕೈಹಚ್ಚುವವನು ಅವನೇ. ಆ ನಂಟಿನಲ್ಲಿ ಕತ್ತಿ ಹಿರಿದವನೆಂದರೆ ನಮಗೆ ನೆನಪಾಗುವುದು ಕಂಸ. ವೇಡರನನ್ನು ಕ್ಷಮಿಸಿದ ಲ್ಯೂಕನ ಪಕ್ಕದಲ್ಲಿ ಈ ಚಿತ್ರವನ್ನಿಟ್ಟು ನೋಡಿದವರಿಗೆ ಆಘಾತವಾದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡು ಕಡೆಯ ವಾದ

ಆಕ್ಷೇಪಿಸುವವರ ಮೊದಲ ವಾದ ಸರಳವಾದದ್ದು. ಲೆಕ್ಕವಿಲ್ಲದಷ್ಟು ಜನರನ್ನು ಕೊಂದ ತಂದೆಯಲ್ಲೂ ಒಳ್ಳೆಯತನ ಕಂಡವನು, ಇನ್ನೂ ಏನೂ ತಪ್ಪು ಮಾಡದ ಹುಡುಗನಲ್ಲಿ ಅದನ್ನು ಕಾಣದೇ ಹೋಗುವನೇ? ಎರಡನೆಯದು, ಗೆಳೆಯರಿಗಾಗಿ ಗುರುವಿನ ಮಾತನ್ನೇ ಮೀರಿದವನು ತಂಗಿ ಲೇಯಾಳ ಕರೆಗೆ ಓಗೊಡದೆ ಕೂರುವನೇ? ಮೂರನೆಯದರಲ್ಲಿ ತರ್ಕಕ್ಕಿಂತ ನೋವು ಹೆಚ್ಚು. ಲ್ಯೂಕ್, ಲೇಯಾ, ಹಾನ್ ಸೋಲೋ ಮೂವರೂ ಜೊತೆಯಾಗಿ ನಿಂತ ಒಂದು ದೃಶ್ಯವೂ ಹೊಸ ಚಿತ್ರಗಳಲ್ಲಿ ಇಲ್ಲ. ಹಾನ್ ಪಾತ್ರ 2015ರ ಚಿತ್ರದಲ್ಲೇ ಸತ್ತಿತು. ಲೇಯಾ ಆಗಿದ್ದ ನಟಿ ಕ್ಯಾರಿ ಫಿಶರ್ 2016ರ ಡಿಸೆಂಬರ್‌ನಲ್ಲಿ ನಿಜವಾಗಿಯೇ ತೀರಿಕೊಂಡರು. ಆ ಅವಕಾಶ ಮತ್ತೆಂದೂ ಬರುವಂತಿಲ್ಲ.

ಸಮರ್ಥಿಸುವವರು ಹಳೆಯ ಚಿತ್ರಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. 1983ರಲ್ಲಿ ಲ್ಯೂಕ್ ಖಡ್ಗ ಎಸೆದದ್ದು ನಿಜ. ಆದರೆ ಅದಕ್ಕೆ ಒಂದು ಗಳಿಗೆ ಮುಂಚೆ, ತಂಗಿಯ ಹೆಸರು ಎತ್ತಿದ್ದಕ್ಕೆ ಹುಚ್ಚನಂತೆ ಎರಗಿ ತಂದೆಯ ಕೈ ಕಡಿದವನೂ ಅವನೇ. ಸಿಟ್ಟಿನ ಗಳಿಗೆ, ಆಮೇಲೆ ಎಚ್ಚರ. ಅವನ ಸ್ವಭಾವವೇ ಅದು. ಅವನ ಇಬ್ಬರು ಗುರುಗಳಾದ ಓಬಿ-ವಾನ್ ಮತ್ತು ಯೋಡಾ ಕೂಡ ಸೋತ ಮೇಲೆ ಒಬ್ಬ ಮರಳುಗಾಡಿಗೆ, ಒಬ್ಬ ಜೌಗಿಗೆ ಹೋಗಿ ಅವಿತಿದ್ದರು. ಶಿಷ್ಯ ಅದೇ ಹಾದಿ ಹಿಡಿದರೆ ತಪ್ಪೇನು?

ಅವರ ಗಟ್ಟಿಯಾದ ಸಾಕ್ಷಿ ಚಿತ್ರದ ಕೊನೆಯಲ್ಲಿದೆ. ಉಪ್ಪಿನ ಬಯಲಿನಲ್ಲಿ ಇಡೀ ಸೈನ್ಯದ ಎದುರು ಲ್ಯೂಕ್ ಒಬ್ಬನೇ ನಿಲ್ಲುತ್ತಾನೆ. ಬಿಳಿಯ ಉಪ್ಪಿನ ಮೇಲೆ ಬೇರೆಯವರು ಕಾಲಿಟ್ಟರೆ ಕೆಂಪು ಗುರುತು ಮೂಡುತ್ತದೆ. ಅವನ ಹೆಜ್ಜೆ ಮೂಡುವುದಿಲ್ಲ. ಏಕೆಂದರೆ ಅವನು ಅಲ್ಲಿ ಇಲ್ಲವೇ ಇಲ್ಲ. ದೂರದ ದ್ವೀಪದಲ್ಲಿ ಪದ್ಮಾಸನ ಹಾಕಿ ಕುಳಿತು ತನ್ನ ಬಿಂಬವನ್ನಷ್ಟೇ ಕಳಿಸಿದ್ದಾನೆ. ಒಂದು ಏಟನ್ನೂ ಹೊಡೆಯದೆ ಸೋದರಳಿಯನನ್ನು ತಡೆದು, ಉಳಿದವರು ಪಾರಾಗಲು ಸಮಯ ಗಳಿಸಿಕೊಟ್ಟು, ಆ ಶ್ರಮಕ್ಕೆ ತನ್ನ ಪ್ರಾಣವನ್ನೇ ತೆರುತ್ತಾನೆ. ಸಾಯುವಾಗ ಅವನ ಕಣ್ಣ ಮುಂದಿರುವುದು ಎರಡು ಸೂರ್ಯರು. ಹೊಲದ ಹುಡುಗನ ಕಥೆ ಹೊರಟಲ್ಲಿಗೇ ಬಂದು ಮುಟ್ಟಿತು, ಹೊಡೆಯದೆ ಗೆಲ್ಲುವ ಗುಣವೂ ಉಳಿಯಿತು ಎಂಬುದು ಇವರ ಮಾತು.

ಇವೆರಡರ ನಡುವೆ ಪಾತ್ರವನ್ನು ಆಡಿದ ನಟ ಸಿಕ್ಕಿಕೊಂಡರು. ಮಾರ್ಕ್ ಹ್ಯಾಮಿಲ್‌ಗೆ ಮೊದಲ ಚಿತ್ರ ಬಂದಾಗ 25 ವರ್ಷ, ಇದು ಬಂದಾಗ 66. ಪಾತ್ರದ ಬಗ್ಗೆ ನಿರ್ದೇಶಕರು ಕೈಗೊಂಡ ತೀರ್ಮಾನಗಳು ತಮಗೆ ಮೂಲತಃ ಒಪ್ಪಿಗೆಯಿಲ್ಲ ಎಂದು ಅವರು ಸಂದರ್ಶನಗಳಲ್ಲಿ ಬಹಿರಂಗವಾಗಿಯೇ ಹೇಳಿದರು. ಆದರೂ ಹೇಳಿದಂತೆ ನಟಿಸಿದರು, ಚೆನ್ನಾಗಿಯೇ ನಟಿಸಿದರು. ಚಿತ್ರ ಬಂದ ಕೆಲವೇ ದಿನಗಳಲ್ಲಿ, ಆ ಅನುಮಾನಗಳನ್ನು ಹೊರಗೆ ಆಡಬಾರದಿತ್ತು ಎಂದು ವಿಷಾದಿಸಿದರು. ಎರಡೂ ಪಂಗಡದವರು ಅವರ ಮಾತನ್ನು ತಮಗೆ ಬೇಕಾದಷ್ಟೇ ಕತ್ತರಿಸಿಕೊಂಡು ಬಳಸುತ್ತ ಬಂದರು.

ಅಂಕಿಗಳು ಹೇಳಿದ್ದೇನು?

ಚಿತ್ರ ಲೋಕದಾದ್ಯಂತ 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. 'ರಾಟನ್ ಟೊಮ್ಯಾಟೋಸ್' ಜಾಲತಾಣದಲ್ಲಿ ವಿಮರ್ಶಕರ ಪೈಕಿ ನೂರಕ್ಕೆ ಸುಮಾರು 90 ಮಂದಿ ಮೆಚ್ಚಿದರೆ, ಅದೇ ತಾಣದಲ್ಲಿ ಪ್ರೇಕ್ಷಕರು ಕೊಟ್ಟ ಅಂಕ ನೂರಕ್ಕೆ 50 ಕೂಡ ಮುಟ್ಟಲಿಲ್ಲ. ಆದರೆ ಅಮೆರಿಕದ ಚಿತ್ರಮಂದಿರಗಳ ಬಾಗಿಲಲ್ಲೇ ನಿಂತು ಪ್ರೇಕ್ಷಕರನ್ನು ಕೇಳುವ 'ಸಿನಿಮಾಸ್ಕೋರ್' ಸಂಸ್ಥೆಯ ಸಮೀಕ್ಷೆಯಲ್ಲಿ ಚಿತ್ರಕ್ಕೆ 'ಎ' ಶ್ರೇಣಿ ಬಂದಿತ್ತು. ಈ ವ್ಯತ್ಯಾಸಕ್ಕೆ ಒಂದು ಕಾರಣ ಕೇಳುವ ರೀತಿಯಲ್ಲಿದೆ. ಬಾಗಿಲಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾರೆ. ಜಾಲತಾಣಕ್ಕೆ ತಾವಾಗಿ ಹೋಗಿ ಮತ ಹಾಕುವವರು ಬಹಳ ಮೆಚ್ಚಿದವರು ಅಥವಾ ಬಹಳ ನೊಂದವರು. ಈ ಚಿತ್ರವನ್ನು ಅಧಿಕೃತ ಕಥೆಯಿಂದಲೇ ತೆಗೆದುಹಾಕಬೇಕೆಂದು ಕೋರಿದ ಅಂತರ್ಜಾಲದ ಮನವಿಗೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತ್ತು ಎಂದರೆ ನೋವಿನ ಅಳತೆ ಸಿಗುತ್ತದೆ.

ನೋವು ಕೆಲವರಲ್ಲಿ ವಿಷವೂ ಆಯಿತು. ಇದೇ ಚಿತ್ರದಲ್ಲಿ ರೋಸ್ ಎಂಬ ಹೊಸ ಪಾತ್ರ ವಹಿಸಿದ, ವಿಯೆಟ್ನಾಂ ಮೂಲದ ಅಮೆರಿಕನ್ ನಟಿ ಕೆಲ್ಲಿ ಮೇರಿ ಟ್ರಾನ್ ಅವರನ್ನು ಬಣ್ಣ, ರೂಪ, ಕುಲ ಹಿಡಿದು ಸಾಮಾಜಿಕ ಜಾಲತಾಣಗಳಲ್ಲಿ ತಿಂಗಳುಗಟ್ಟಲೆ ಹೀಯಾಳಿಸಲಾಯಿತು. 2018ರ ಜೂನ್‌ನಲ್ಲಿ ಅವರು ತಮ್ಮ ಪುಟವನ್ನೆಲ್ಲ ಅಳಿಸಿಹಾಕಿದರು. ಆಗಸ್ಟ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಆ ಅನುಭವವನ್ನು ಬರೆದರು. ನಿರ್ದೇಶಕರಿಗೆ ಬಂದ ಟ್ವೀಟ್‌ಗಳನ್ನು ಪರಿಶೀಲಿಸಿದ ಮಾರ್ಟನ್ ಬೇ ಎಂಬ ಸಂಶೋಧಕರು 2018ರಲ್ಲೇ ಒಂದು ಅಧ್ಯಯನ ಪ್ರಕಟಿಸಿದರು. ನಿಂದನೆಯ ಸಂದೇಶಗಳಲ್ಲಿ ಅರ್ಧದಷ್ಟು ರಾಜಕೀಯ ಉದ್ದೇಶದವು ಅಥವಾ ಕೆಣಕುವುದಕ್ಕೆಂದೇ ಬರೆದವು, ಕೆಲವು ಮನುಷ್ಯರು ಬರೆದವೇ ಅಲ್ಲ ಎಂಬುದು ಅವರ ತೀರ್ಮಾನ. ಇದರಿಂದ ಎರಡು ಮಾತು ತಿಳಿಯುತ್ತದೆ. ಗದ್ದಲದ ಒಂದು ಪಾಲು ಅಭಿಮಾನಿಗಳದ್ದಲ್ಲ. ಹಾಗೆಯೇ ಇನ್ನರ್ಧ ನಿಜವಾದ ಬೇಸರ. ಲ್ಯೂಕನ ಬಗ್ಗೆ ಬೇಸರಗೊಂಡವರನ್ನೆಲ್ಲ ಪುಂಡರ ಸಾಲಿಗೆ ಸೇರಿಸುವುದು ಅನ್ಯಾಯ.

ಹಳೆಯ ಜಗಳ

ನಾಯಕನಿಗಾಗಿ ಬರೆದವನ ಜೊತೆ ಓದುಗ ಜಗಳಕ್ಕಿಳಿಯುವುದು ಸಿನಿಮಾದಿಂದ ಶುರುವಾದದ್ದಲ್ಲ. ಸರ್ವಾಂಟಿಸ್‌ನ 'ಡಾನ್ ಕಿಹೋಟೆ'ಯ ಮೊದಲ ಭಾಗ 1605ರಲ್ಲಿ ಬಂದು ಸ್ಪೇನಿನ ತುಂಬ ಮನೆಮಾತಾದ ಮೇಲೆ, 1614ರಲ್ಲಿ ಬೇರೊಬ್ಬ ಸುಳ್ಳು ಹೆಸರಿನಲ್ಲಿ ಎರಡನೆಯ ಭಾಗ ಬರೆದು ಹಂಚಿದ. ಕೆರಳಿದ ಸರ್ವಾಂಟಿಸ್ 1615ರಲ್ಲಿ ತನ್ನದೇ ಎರಡನೆಯ ಭಾಗ ಹೊರತಂದ. ಅದರಲ್ಲಿ ನಾಯಕನಿಗೇ ಆ ನಕಲಿ ಪುಸ್ತಕದ ಸುದ್ದಿ ಮುಟ್ಟುತ್ತದೆ. ಅದರಲ್ಲಿ ತಾನು ಜರಗೋಜಾಕ್ಕೆ ಹೋದೆನೆಂದು ಬರೆದಿದೆಯಂತೆ ಎಂದು ಕೇಳಿ, ಹಾಗಾದರೆ ಅಲ್ಲಿಗೆ ಕಾಲಿಡುವುದೇ ಇಲ್ಲ ಎಂದು ಬಾರ್ಸಿಲೋನಾದ ದಾರಿ ಹಿಡಿಯುತ್ತಾನೆ. ಕೊನೆಗೆ, ಇನ್ನು ಯಾರೂ ಮುಂದುವರಿಸದಿರಲಿ ಎಂದು ಕರ್ತೃ ಅವನನ್ನು ಸಾಯಿಸಿಯೇಬಿಟ್ಟ.

ಸಾಯಿಸಿದರೂ ಬಿಡದ ಓದುಗರು ಷರ್ಲಾಕ್ ಹೋಮ್ಸ್‌ನವರು. 1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ತಮ್ಮ ಪತ್ತೇದಾರನನ್ನು ಜಲಪಾತಕ್ಕೆ ಬೀಳಿಸಿದಾಗ ಓದುಗರು ಪತ್ರಿಕೆಯ ಚಂದಾ ನಿಲ್ಲಿಸಿದರು, ಬೈದು ಕಾಗದ ಬರೆದರು. ಹತ್ತು ವರ್ಷಗಳ ನಂತರ, 1903ರಲ್ಲಿ, ಡಾಯ್ಲ್ ಅವನನ್ನು ಬದುಕಿಸಬೇಕಾಯಿತು. ಲೂಕಾಸ್ ಕೂಡ ಇದರ ಬಿಸಿ ಉಂಡವರೇ. 1997ರಲ್ಲಿ ಅವರು ಮೊದಲ ಚಿತ್ರವನ್ನು ತಿದ್ದಿ, ಹಾನ್ ಸೋಲೋ ಮೊದಲು ಗುಂಡು ಹಾರಿಸಲಿಲ್ಲ, ಎದುರಾಳಿ ಹಾರಿಸಿದ ಎಂದು ಬದಲಿಸಿದಾಗ ಅಭಿಮಾನಿಗಳು ಒಪ್ಪಲಿಲ್ಲ. ಸೃಷ್ಟಿಸಿದವನ ತಿದ್ದುಪಡಿಗೇ ಒಪ್ಪಿಗೆ ಸಿಗದಿದ್ದ ಮೇಲೆ ಕೊಂಡವರ ಪಾಡೇನು?

ನಮ್ಮಲ್ಲಿಯೂ ಇದಕ್ಕೊಂದು ಕನ್ನಡಿ ಇದೆ. ಮಹಾಭಾರತದ ಮೌಸಲ ಪರ್ವದಲ್ಲಿ, ಕೃಷ್ಣ ಹೋದ ಮೇಲೆ ಯಾದವ ಸ್ತ್ರೀಯರನ್ನು ಕರೆದೊಯ್ಯುತ್ತಿದ್ದ ಅರ್ಜುನ, ದೊಣ್ಣೆ ಹಿಡಿದು ಬಂದ ದರೋಡೆಕಾರರ ಎದುರು ಸೋಲುತ್ತಾನೆ. ಗಾಂಡೀವಕ್ಕೆ ಹೆದೆಯೇರಿಸುವುದೇ ಕಷ್ಟವಾಗುತ್ತದೆ, ಅಸ್ತ್ರಗಳು ನೆನಪಿಗೆ ಬರುವುದಿಲ್ಲ. ಮಹಾಪ್ರಸ್ಥಾನದಲ್ಲಿ ಆ ಗಾಂಡೀವವನ್ನೇ ನೀರಿಗೆ ಎಸೆಯುತ್ತಾನೆ. ಖಡ್ಗ ಎಸೆದ ಲ್ಯೂಕನಿಗೆ ಇದಕ್ಕಿಂತ ಹತ್ತಿರದ ನಂಟ ಇಲ್ಲ. ಆದರೆ ಗಮನಿಸಿ: ಕನ್ನಡಿಗರು ಗಮಕದಲ್ಲಿ ಕೇಳಿ ತಲೆದೂಗುವ ಕುಮಾರವ್ಯಾಸನ ಭಾರತ ಹತ್ತು ಪರ್ವಕ್ಕೆ, ಗದಾಪರ್ವಕ್ಕೆ, ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದ. ಅದನ್ನು ಓದಿಸಿ ಕೇಳುವವರು ಎಷ್ಟು ಮಂದಿ? ಗೆದ್ದ ಅರ್ಜುನ ನಮ್ಮವನು. ಸೋತ ಅರ್ಜುನ ಪುಸ್ತಕದಲ್ಲಿ ಇದ್ದಾನೆ, ಅಷ್ಟೆ.

ತೋರಿಸದೇ ಬಿಟ್ಟದ್ದು

ಆದರೂ ಸೋತ ಅರ್ಜುನನನ್ನು ಕಂಡು ಯಾರೂ ವ್ಯಾಸರ ಮೇಲೆ ಮುನಿಯುವುದಿಲ್ಲ. ಏಕೆಂದರೆ ಅಲ್ಲಿಗೆ ಬರುವ ಹೊತ್ತಿಗೆ ಯುದ್ಧ, ಸಾವು, ಮಕ್ಕಳ ಅಳಲು, ಕೃಷ್ಣನ ನಿರ್ಗಮನ ಎಲ್ಲವನ್ನೂ ಅವನ ಜೊತೆಯಲ್ಲೇ ನಡೆದು ಬಂದಿರುತ್ತೇವೆ. ಲ್ಯೂಕನ ವಿಷಯದಲ್ಲಿ ಆದ ಕೊರತೆ ಇದು ಎಂದು ತೋರುತ್ತದೆ. 1983ರಲ್ಲಿ ನಗುತ್ತಿದ್ದವನನ್ನು ಬಿಟ್ಟು ಬಂದೆವು. ಮತ್ತೆ ಕಂಡಾಗ ಅವನು ಮುರಿದು ಕುಳಿತಿದ್ದ. ನಡುವಿನ ಮೂವತ್ತು ವರ್ಷದಲ್ಲಿ ನಡೆದದ್ದನ್ನು ಕೆಲವೇ ನಿಮಿಷಗಳ ನೆನಪಿನ ದೃಶ್ಯದಲ್ಲಿ ಹೇಳಿದರು. ವರ್ಷಗಟ್ಟಲೆ ಕಾಣದಿದ್ದ ನೆಂಟ ಒಂದು ದಿನ ಬಾಗಿಲಲ್ಲಿ ಬೇರೆಯೇ ಮನುಷ್ಯನಾಗಿ ನಿಂತರೆ, ಕಾರಣ ಎಷ್ಟೇ ಸರಿಯಿದ್ದರೂ ಇವನು ಅವನಲ್ಲ ಎಂದೇ ಮೊದಲು ಅನ್ನಿಸುತ್ತದೆ. ನಾಯಕ ಸೋಲಬಾರದು ಎಂಬ ಹಟಕ್ಕಿಂತ, ಸೋಲುವಾಗ ನಾವು ಅಲ್ಲಿ ಇರಲಿಲ್ಲವಲ್ಲ ಎಂಬ ಸಂಕಟ ಈ ಮುನಿಸಿನಲ್ಲಿ ಹೆಚ್ಚಿದೆ.

ಮುನಿಸನ್ನು ಗಮನಿಸಿದ ಸಂಸ್ಥೆ ತಿದ್ದಿಕೊಳ್ಳಲು ನೋಡಿತು. ಅಬ್ರಾಮ್ಸ್ ಮರಳಿ ಬಂದು 2019ರಲ್ಲಿ ತೆಗೆದ 'ದಿ ರೈಸ್ ಆಫ್ ಸ್ಕೈವಾಕರ್'ನಲ್ಲಿ, ಎಸೆದ ಖಡ್ಗವನ್ನು ಲ್ಯೂಕನ ಆತ್ಮವೇ ಹಿಡಿದು ಆಯುಧಕ್ಕೆ ಮರ್ಯಾದೆ ಕೊಡಬೇಕೆಂದು ಬುದ್ಧಿ ಹೇಳುತ್ತದೆ. ಒಬ್ಬ ನಿರ್ದೇಶಕ ಇನ್ನೊಬ್ಬನಿಗೆ ತೆರೆಯ ಮೇಲೆಯೇ ಕೊಟ್ಟ ಉತ್ತರ ಎಂದೇ ಅದನ್ನು ಬಹಳ ಮಂದಿ ಓದಿಕೊಂಡರು. ಆದರೆ ಆ ಚಿತ್ರ ಗಳಿಸಿದ್ದು ಹಿಂದಿನದಕ್ಕಿಂತ ಕಡಿಮೆ; ಎರಡೂ ಪಂಗಡಕ್ಕೆ ತೃಪ್ತಿಯಾಗಲಿಲ್ಲ. 2020ರ ಡಿಸೆಂಬರ್‌ನಲ್ಲಿ 'ದಿ ಮ್ಯಾಂಡಲೋರಿಯನ್' ಧಾರಾವಾಹಿಯ ಒಂದು ಕಂತಿನಲ್ಲಿ ಕಂಪ್ಯೂಟರ್ ಸಹಾಯದಿಂದ ಹರೆಯದ ಮುಖ ಪಡೆದ ಲ್ಯೂಕ್ ಬಂದು, ಯಂತ್ರಸೈನಿಕರನ್ನು ಕತ್ತರಿಸಿ ಹಾಕಿದಾಗ, ಮುನಿದಿದ್ದ ಎಷ್ಟೋ ಮಂದಿ ಕಣ್ಣೊರೆಸಿಕೊಂಡರು. ಬೇಕಾದ ಲ್ಯೂಕ್ ಸಿಕ್ಕಿದ್ದ. ಆದರೆ ಆ ಮುಖ ನಯವಾಗಿ, ಸುಕ್ಕಿಲ್ಲದೆ, ಸ್ವಲ್ಪ ನಿರ್ಜೀವವಾಗಿ ಇತ್ತು ಎಂಬುದನ್ನೂ ಕಂಡವರು ಕಂಡರು.

1977ರಲ್ಲಿ ಹತ್ತು ವರ್ಷದವನಾಗಿ ಆ ಚಿತ್ರ ನೋಡಿದವನಿಗೆ 2017ರಲ್ಲಿ ಐವತ್ತು. ಅವನೂ ಅಷ್ಟರಲ್ಲಿ ಎಲ್ಲೋ ಸೋತಿರುತ್ತಾನೆ, ಯಾರ ಮೇಲೋ ಒಂದು ಕ್ಷಣ ಕೈಯೆತ್ತಿ ಜೀವನವಿಡೀ ಪಶ್ಚಾತ್ತಾಪ ಪಟ್ಟಿರುತ್ತಾನೆ. ತನ್ನ ಹಾಗೇ ಸೋತವನನ್ನು ತೆರೆಯ ಮೇಲೆ ಕಂಡು ಒಬ್ಬನಿಗೆ ಸಮಾಧಾನವಾಯಿತು. ಇವನೊಬ್ಬನಾದರೂ ಸೋಲದೆ ಉಳಿದಿದ್ದಾನೆ ಎಂದುಕೊಂಡಿದ್ದ ಇನ್ನೊಬ್ಬನಿಗೆ ಆಸರೆಯೇ ಕಳಚಿತು. ಇಬ್ಬರೂ ಪ್ರೀತಿಸಿದ್ದು ಒಬ್ಬನನ್ನೇ. ಇಬ್ಬರನ್ನೂ ತಪ್ಪೆನ್ನುವುದು ಕಷ್ಟ.